ರಿಷಭದ ಬಾಕಿ

ಮಂಡ್ಯದ ಬ್ಯಾಂಡ್‌ಸೆಟ್ಟೊಂದರಲ್ಲಿ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಟ್ರಂಪೆಟ್ ನುಡಿಸಿದ ವಾದಕರೊಬ್ಬರು ತಮ್ಮ ತಂಗಿಯ ಮಗನಿಗೆ ಆ ವಾದ್ಯವನ್ನು ಕಲಿಸತೊಡಗಿದರು. ಹುಡುಗ ಚುರುಕು. ಕೆಲವೇ ತಿಂಗಳುಗಳಲ್ಲಿ ಮೋಹನ ರಾಗದ ಆರೋಹಣವನ್ನು ತಡವರಿಸದೆ ಊದಿದ. ಬೀದಿಯ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುವ ಹಿರಿಯರೊಬ್ಬರು ಅದನ್ನು ಕೇಳಿ, ಹುಡುಗನ ರಿಷಭ ಏರಿದೆಯೆಂದರು. ಸೋದರಮಾವನಿಗೆ ಆ ದೋಷ ಕೇಳಿಸಲಿಲ್ಲ. ಕೇಳಿಸದಿರಲು ಕಾರಣವೂ ಸರಳವಾದುದೇ: ಅವರ ರಿಷಭವೂ ಅಷ್ಟೇ ಏರಿತ್ತು. ಹುಡುಗನದು ತಪ್ಪಲ್ಲ, ಕಲಿಸಿದ್ದನ್ನು ಅವನು ನಿಷ್ಠೆಯಿಂದ ಕಲಿತಿದ್ದ.

ಮಾವ ಮೊದಲು ದೂರನ್ನು ವಾದ್ಯದ ಮೇಲೆ ಹೊರಿಸಿದರು. ಅನಂತರ, ಮದುವೆಯ ಮೆರವಣಿಗೆಯಲ್ಲಿ ಡ್ರಮ್ಮಿನ ಅಬ್ಬರದ ನಡುವೆ ಶ್ರುತಿಯನ್ನು ಯಾರು ಕೇಳುತ್ತಾರೆಂದರು. ಈ ಎರಡು ಸಮಾಧಾನಗಳಲ್ಲಿ ಮೊದಲನೆಯದು ಪೂರ್ತಿ ಸುಳ್ಳಲ್ಲ.

ಟ್ರಂಪೆಟ್ಟಿನ ಸುರುಳಿಯನ್ನು ಬಿಡಿಸಿ ನೇರವಾಗಿಸಿದರೆ ಅದರ ಕೊಳವೆಯ ಉದ್ದ ಸುಮಾರು 148 ಸೆಂಟಿಮೀಟರು. ಯಾವ ಗುಂಡಿಯನ್ನೂ ಒತ್ತದೆ ತುಟಿಯ ಬಿಗುವನ್ನು ಮಾತ್ರ ಬದಲಿಸುತ್ತ ಹೋದರೆ ಷಡ್ಜ, ಪಂಚಮ, ಮೇಲಿನ ಷಡ್ಜ, ಅದರಾಚೆಯ ಗಾಂಧಾರ, ಹೀಗೆ ಕೆಲವೇ ಸ್ವರಗಳು ದೊರೆಯುತ್ತವೆ. ನಡುವಣ ಸ್ವರಗಳಿಗಾಗಿ ಮೂರು ಗುಂಡಿಗಳಿವೆ. ಒಂದೊಂದು ಗುಂಡಿಯೂ ಒಂದು ತುಂಡು ಕೊಳವೆಯನ್ನು ಕೂಡಿಸಿ ಸ್ವರವನ್ನು ಇಳಿಸುತ್ತದೆ. ಮೊದಲ ಗುಂಡಿ ಕೂಡಿಸುವುದು ಸುಮಾರು 18 ಸೆಂಟಿಮೀಟರು; ಮೂರನೆಯದು ಸುಮಾರು 28. ಕೆಳಗಿನ ರಿಷಭಕ್ಕೆ ಇವೆರಡನ್ನೂ ಒಟ್ಟಿಗೆ ಒತ್ತಬೇಕು. ಮೊತ್ತ 46. ಆದರೆ ಪಂಚಮದಿಂದ ರಿಷಭಕ್ಕೆ ಸರಿಯಾಗಿ ಇಳಿಯಲು ಬೇಕಾದುದು ಹೆಚ್ಚು ಕಡಿಮೆ 49½.

ಅಂಗಡಿಯ ಲೆಕ್ಕ ಬರೆದವರಿಗೆ ಈ ಮೂರೂವರೆಯ ಕೊರತೆ ಎಲ್ಲಿಂದ ಬಂತೆಂಬುದು ಒಡನೆ ಹೊಳೆದೀತು. ಮೂರನೆಯ ಗುಂಡಿಯ 28 ಸೆಂಟಿಮೀಟರನ್ನು 148ರ ಅಸಲಿನ ಮೇಲೆ ಲೆಕ್ಕ ಹಾಕಲಾಗಿದೆ. ಮೊದಲ ಗುಂಡಿಯನ್ನು ಒತ್ತಿದೊಡನೆ ಅಸಲು 166 ಆಗಿಬಿಡುತ್ತದೆ. ಆಗ ಮೂರನೆಯದರ ಪಾಲು 31ಕ್ಕೂ ಹೆಚ್ಚಾಗಬೇಕು. ಚಕ್ರಬಡ್ಡಿ ಕೊಡಬೇಕಾದ ಕಡೆ ವಾದ್ಯ ಸರಳಬಡ್ಡಿಯನ್ನಷ್ಟೇ ಕೊಡುತ್ತಿದೆ. ಕೊಳವೆ ಗಿಡ್ಡವಾದಷ್ಟೂ ಸ್ವರ ಮೇಲೇರುವುದರಿಂದ, ರಿಷಭವು ಅರ್ಧಸ್ವರದ ಮೂರನೆಯ ಒಂದು ಪಾಲಿನಷ್ಟು ಮೇಲೆ ನಿಲ್ಲುತ್ತದೆ.

ತಯಾರಕರು ಈ ಬಾಕಿಯನ್ನು ಅರಿಯದವರಲ್ಲ. ಮೂರನೆಯ ಕೊಳವೆಗೆ ಜಾರುವ ತುದಿಯೊಂದನ್ನೂ, ಅದನ್ನು ಬೇಕಾದಾಗ ಹೊರಗೆ ತಳ್ಳಲು ಎಡಗೈಯ ಉಂಗುರದ ಬೆರಳು ತೂರುವಂತಹ ಬಳೆಯೊಂದನ್ನೂ ಇಟ್ಟಿದ್ದಾರೆ. ರಿಷಭ ಬಂದಾಗಲೆಲ್ಲ ಒಂದೂಮುಕ್ಕಾಲು ಸೆಂಟಿಮೀಟರಿನಷ್ಟು ತಳ್ಳುವುದು, ದಾಟಿದೊಡನೆ ಒಳಗೆಳೆದುಕೊಳ್ಳುವುದು ವಾದಕನ ಕೆಲಸ. ಮಾವನ ವಾದ್ಯದಲ್ಲಿ ಆ ತುದಿ ಕಿಲುಬು ಹಿಡಿದು ಅಲುಗದೆ ಎಷ್ಟು ವರ್ಷವಾಗಿತ್ತೋ! ವ್ಯಾಪಾರಿಯ ತಕ್ಕಡಿಗೆ ಸರ್ಕಾರದ ಮುದ್ರೆಯುಂಟು, ಪರೀಕ್ಷಿಸಲು ಅಧಿಕಾರಿಗಳುಂಟು. ತುತ್ತೂರಿಗೆ ಅಂತಹ ಕಾಟವಿಲ್ಲ.

ಇನ್ನು ಮೆರವಣಿಗೆಯಲ್ಲಿ ಶ್ರುತಿ ಯಾರಿಗೆ ಬೇಕೆಂಬ ಮಾತು. 1939ರವರೆಗೆ ಮಂಡ್ಯವು ಮೈಸೂರು ಜಿಲ್ಲೆಯ ಭಾಗವೇ ಆಗಿತ್ತು. ಆ ಮೈಸೂರಿನ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡಿನೊಡನೆ ಕರ್ನಾಟಕ ಬ್ಯಾಂಡನ್ನೂ ಪೋಷಿಸಿದ್ದರು. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತ ದಕ್ಷಿಣ ಕನ್ನಡದ ಬಾಲಕನೊಬ್ಬ ಮುಂದೆ ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಹೊರಡಿಸಲು ದೀರ್ಘಕಾಲ ಶ್ರಮಿಸಿದರು. 2019ರಲ್ಲಿ ನಿಧನರಾದ ಕದ್ರಿ ಗೋಪಾಲನಾಥರು ಅವರೇ. ಬೀದಿಯ ವಾದ್ಯವೆಂದು ಅದಕ್ಕೆ ಅವರು ರಿಯಾಯಿತಿ ಕೊಟ್ಟಿದ್ದರೆ ಅದು ಬೀದಿಯಲ್ಲೇ ಉಳಿಯುತ್ತಿತ್ತು. ಅಲ್ಲದೆ ಬ್ಯಾಂಡ್‌ಸೆಟ್ಟಿನಲ್ಲಿ ಗಟ್ಟಿಯಾಗಿ ಕೇಳುವ ದನಿ ಟ್ರಂಪೆಟ್ಟಿನದು. ಕ್ಲಾರಿನೆಟ್ಟಿನವನು ತನ್ನ ಸ್ವರ ಸರಿಯಿದ್ದರೂ ಅದನ್ನು ಬಿಟ್ಟು ಇತ್ತ ವಾಲುತ್ತಾನೆ. ದನಿ ದೊಡ್ಡದಿರುವವನ ತಪ್ಪು ಅವನೊಬ್ಬನದಾಗಿ ಉಳಿಯುವುದಿಲ್ಲ.

ಹಾರ್ಮೋನಿಯಂನ ಹಿರಿಯರು ವಾದಕ್ಕೆ ಇಳಿಯಲಿಲ್ಲ. ರಿಷಭದ ಮನೆಯೊಂದನ್ನೇ ಒತ್ತಿ ಹಿಡಿದು, ಮೆಲ್ಲಗೆ ಊದಿರೆಂದರು. ಮೆಲ್ಲಗೆ ಎಂಬುದು ಇಲ್ಲಿ ಮುಖ್ಯ. ಜೋರಾಗಿ ಊದುವವನಿಗೆ ತನ್ನ ದನಿಯ ಹೊರತು ಬೇರೇನೂ ಕೇಳಿಸದು. ಎರಡು ಸ್ವರಗಳು ಕೂಡಿದಾಗ ಸೆಕೆಂಡಿಗೆ ನಾಲ್ಕೈದು ಬಾರಿ ಮಿಡಿಯುವ ಅಲೆಯೊಂದು ಎದ್ದಿತು. ಸ್ವರಗಳು ಹತ್ತಿರವಾದಷ್ಟೂ ಆ ಅಲೆ ನಿಧಾನವಾಗುತ್ತದೆ, ಒಂದಾದಾಗ ನಿಂತುಬಿಡುತ್ತದೆ. ಮಾವ ತುಟಿಯನ್ನು ಸಡಿಲಿಸಿ ಸ್ವರವನ್ನು ಕೆಳಗೆಳೆಯಲು ನೋಡಿದರು. ಅಲೆಯೇನೋ ನಿಂತಿತು, ಆದರೆ ನಾದ ಮಂಕಾಯಿತು. ಅಂದು ರಾತ್ರಿ ಎಣ್ಣೆ ಬಿಟ್ಟು, ಬೆಚ್ಚನೆಯ ನೀರಿನಲ್ಲಿ ನೆನೆಸಿ, ಮೂರನೆಯ ಕೊಳವೆಯ ತುದಿಯನ್ನು ಬಿಡಿಸಿದರು. ಮರುದಿನ ಹುಡುಗನನ್ನು ಕೂರಿಸಿಕೊಂಡು, "ನಾನೇ ತಪ್ಪು ಹೇಳ್ಕೊಟ್ಟಿದ್ದೆ ಕಣ್ಲಾ" ಎಂದರು. ಇಪ್ಪತ್ತು ವರ್ಷ ಬೀದಿಯಲ್ಲಿ ಮೆಚ್ಚುಗೆ ಪಡೆದವರಿಗೆ ಈ ನಾಲ್ಕು ಮಾತು ಹಗುರವಲ್ಲ.

ಅಲ್ಲಿಂದ ಅಭ್ಯಾಸದ ಕ್ರಮವೇ ಬದಲಾಯಿತು. ಸ್ವರವನ್ನು ಮೊದಲು ಬಾಯಲ್ಲಿ ಹಾಡುವುದು, ಆಮೇಲೆ ಊದುವ ಬಾಯಿತುಂಡೊಂದರಲ್ಲೇ ಹೊರಡಿಸುವುದು, ಕೊನೆಗೆ ವಾದ್ಯಕ್ಕೆ ಬರುವುದು. ಬೇಸಗೆಯ ಮದುವೆಗಳಲ್ಲಿ ಮುಂಜಾನೆ ಕೂಡಿಸಿದ ಶ್ರುತಿಯನ್ನು ನಡುಹಗಲಿಗೂ ನಂಬಕೂಡದೆಂಬುದೂ ತಿಳಿಯಿತು: ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಕಾದರೆ ಸ್ವರ ಅರ್ಧಸ್ವರದ ನೂರರಲ್ಲಿ ಮೂರು ಪಾಲು ಏರುತ್ತದೆ. ಉಸಿರಿನಿಂದ ವಾದ್ಯವನ್ನು ಬೆಚ್ಚಗಾಗಿಸಿ, ಬಳಿಕ ದೊಡ್ಡ ಜಾರುಕೊಳವೆಯನ್ನು ಅಳತೆಗೆ ಎಳೆಯಬೇಕು.

ವಿಚಿತ್ರವೆಂದರೆ ಮೇಲಿನ ಗಾಂಧಾರ. ಗುಂಡಿ ಒತ್ತದೆ ಬರುವ ಆ ಸ್ವರವು ಕೀಬೋರ್ಡಿನ ಜೊತೆಗೆ ಸ್ವಲ್ಪ ಇಳಿದಂತೆ ಕೇಳುತ್ತದೆ; ಮೊಬೈಲಿನ ಶ್ರುತಿಮಾಪಕವೂ ನೂರರಲ್ಲಿ ಹದಿನಾಲ್ಕು ಪಾಲು ಕಡಿಮೆಯೆಂದೇ ತೋರಿಸುತ್ತದೆ. ಅದೇ ಸ್ವರ ತಂಬೂರಿಯ ಮುಂದೆ ಶುದ್ಧವಾದ ಅಂತರ ಗಾಂಧಾರ. ಇಲ್ಲಿ ಅನೇಕಾಂತದ ನೆನಪಾಗುವುದು ಸಹಜ. ಆದರೆ ರಿಷಭದ ವಿಷಯದಲ್ಲಿ ಆ ಆಶ್ರಯ ಸಿಗದು. ಅದು ಕೀಬೋರ್ಡಿಗೂ ಹೆಚ್ಚು, ತಂಬೂರಿಗೂ ಹೆಚ್ಚು.

ಹುಡುಗನ ಬೆರಳು ಇನ್ನೂ ಆ ಬಳೆಗೆ ಎಟುಕುವುದಿಲ್ಲ. ಸದ್ಯಕ್ಕೆ ಸಂಜೆಯ ಹೊತ್ತು ಅವನು ಹಾರ್ಮೋನಿಯಂನ ಮನೆಯನ್ನು ಒತ್ತಿ ಹಿಡಿಯುತ್ತಾನೆ, ಮಾವ ಊದುತ್ತಾರೆ. ಅಲೆ ನಿಂತಿತೋ ಇಲ್ಲವೋ ಎಂದು ಹೇಳುವವನು ಹುಡುಗ.