ಟೀಚರಮ್ಮನ ಸತ್ಯವೇದ

ಟೀಚರಮ್ಮನಿಗೆ ಕಣ್ಣು ಪೂರಾ ಮಂಜಾದದ್ದು 2016ರ ಬೇಸಿಗೆಯಲ್ಲಿ. ಮಗ ದುಬೈಯಲ್ಲಿ, ಮಗಳು ಚೆನ್ನೈಯಲ್ಲಿ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಗಲ್ಲಿಯ ತುದಿಮನೆಯಲ್ಲಿ ಅವರೊಬ್ಬರೇ ಇದ್ದರು. ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕಲಿತು ಕನ್ನಡ ಹೈಸ್ಕೂಲಿಗೆ ಬಂದು, ಒತ್ತಕ್ಷರ ಕಂಡರೆ ಬೆವರುತ್ತಿದ್ದ ನಮ್ಮಿಬ್ಬರಿಗೂ ಕನ್ನಡ ಕಲಿಸಿದವರು ಅವರೇ. ಆ ತರಗತಿಯ ಹುಡುಗ ಹುಡುಗಿ ಮುಂದೆ ಗಂಡ ಹೆಂಡತಿಯಾದದ್ದು ಬೇರೆ ಕತೆ. ಒಂದು ಸಂಜೆ ನಮ್ಮನ್ನು ಕರೆಸಿ ಕೇಳಿದರು: "ದಿನಾ ಒಂದು ಅಧ್ಯಾಯ ಓದಿ ಹೇಳ್ತೀರೇನ್ರಪ್ಪಾ? ಚರ್ಚಿನ ಹುಡುಗರಿಗೆ ಭಾನುವಾರ ಬಿಟ್ರೆ ಪುರುಸೊತ್ತಿಲ್ಲ."

ಕಾಗುಣಿತ ತಿದ್ದಿದ ಕೈಗೆ ಇಲ್ಲ ಎನ್ನುವುದು ಹೇಗೆ? ಒಪ್ಪಿಕೊಂಡೆವು. ಮಗ್ರಿಬ್ ನಮಾಜು ಮುಗಿದ ಮೇಲೆ ಅರ್ಧ ಗಂಟೆ ಎಂದು ಗೊತ್ತಾಯಿತು.

ಅವರಲ್ಲಿದ್ದದ್ದು ಕಪ್ಪು ರಟ್ಟಿನ ದಪ್ಪ 'ಸತ್ಯವೇದವು'. ಮೊದಲ ದಿನವೇ ನಮ್ಮ ನಾಲಿಗೆ ಎಡವಿತು. ವಾಕ್ಯಗಳು ಉದ್ದ, ಕ್ರಿಯಾಪದಗಳು ನಮ್ಮ ಅಜ್ಜಂದಿರ ಕಾಲದ ಪಠ್ಯಪುಸ್ತಕದವು. ಸುಲಭವಾದದ್ದು ಸಿಕ್ಕರೆ ಅವರಿಗೂ ಹಿತ, ನಮಗೂ ಹಿತ ಎಂದುಕೊಂಡು, ಬೆಂಗಳೂರಿಗೆ ಹೋದಾಗ ಬೈಬಲ್ ಸೊಸೈಟಿಯದೇ ಇನ್ನೊಂದು, ಸರಳಗನ್ನಡದ ಅನುವಾದ ತಂದೆವು. ಮನೆಯಲ್ಲಿ ಅಬ್ಬಾ ಅವರ ಟ್ರಂಕಿನಲ್ಲಿ ಉರ್ದುವಿನ 'ಕಿತಾಬೆ ಮುಕದ್ದಸ್' ಮೊದಲೇ ಇತ್ತು. ಹೀಗೆ ಮೂರು ಪುಸ್ತಕಗಳಾದವು.

ಕತೆ ಬರೆಯುವವರಿಗೆ ಒಂದು ದುರಭ್ಯಾಸವಿರುತ್ತದೆ. ಒಂದೇ ಸಂಗತಿಗೆ ಮೂರು ಮಾತು ಸಿಕ್ಕರೆ ಮೂರನ್ನೂ ಬಾಯಲ್ಲಿಟ್ಟು ಚಪ್ಪರಿಸುವುದು. ಇಪ್ಪತ್ತಮೂರನೇ ಕೀರ್ತನೆಯಲ್ಲಿ ದೇವರು ಹಳೆಯ ಅನುವಾದದಲ್ಲಿ ಕುರುಬ, ಸರಳಗನ್ನಡದಲ್ಲಿ ಕುರಿಗಾಹಿ, ಉರ್ದುವಿನಲ್ಲಿ ಚೌಪಾನ್. ಚೌಪಾನ್ ಎಂದೊಡನೆ ನಮಗೆ ಫಾರ್ಸಿ ಕಾವ್ಯದ ಹುಲ್ಲುಗಾವಲು ಕಾಣುತ್ತದೆ. ಕುರಿಗಾಹಿ ಪುಸ್ತಕದ ಮಾತು, ಯಾರಿಗೂ ನೋವಿಲ್ಲ. ಆದರೆ ಕುರುಬ ಎಂದಾಗ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಳ್ಳಾರಿಯ ಬಿಸಿಲಲ್ಲಿ ಹಿಂಡು ಹೊಡೆದುಕೊಂಡು ಹೋಗುವ ನಮ್ಮೂರ ಮನುಷ್ಯನೇ ಎದುರು ಬಂದು ನಿಲ್ಲುತ್ತಾನೆ. ದೇವರನ್ನು ಹಾಗೆ ಕರೆಯುವ ಧೈರ್ಯ ಆ ಹಳೆಯ ಅನುವಾದಕ್ಕಿತ್ತು.

ಹಳೆಯದರಲ್ಲಿ ಯೆಹೋವ ಎಂದಿರುವ ಕಡೆ ಹೊಸದರಲ್ಲಿ ಸರ್ವೇಶ್ವರ. ಸುವಾರ್ತೆ ಶುಭಸಂದೇಶವಾಗಿದೆ, ದೀಕ್ಷಾಸ್ನಾನ ಸ್ನಾನದೀಕ್ಷೆಯಾಗಿದೆ, ಯೋಹಾನ ಯೊವಾನ್ನನಾಗಿದ್ದಾನೆ. ಒಂದು ದಿನ ಸುಳಿವು ಕೊಡದೆ ಹೊಸದರಿಂದ ಓದಿದೆವು. ಎರಡನೇ ವಾಕ್ಯಕ್ಕೇ ಟೀಚರಮ್ಮ ಕೈ ಎತ್ತಿದರು. "ಇದು ಚಲೋ ಅದ. ಅರ್ಥ ಆಗ್ತದ. ಆದ್ರ ನನಗ ಅರ್ಥ ಬ್ಯಾಡ, ಅದು ಗೊತ್ತದ. ನಮ್ಮಪ್ಪ ಓದ್ತಿದ್ದ ಸಪ್ಪಳ ಬೇಕು."

ನಮಗೆ ಇದು ತಿಳಿಯದ್ದೇನಲ್ಲ. ಅರಬ್ಬಿ ಒಂದಕ್ಷರ ಅರ್ಥವಾಗದಿದ್ದರೂ ದಾದಿಮಾ ಫಜರ್ ಹೊತ್ತಿಗೆ ಓದುತ್ತಿದ್ದ ಯಾಸೀನಿನ ದನಿ ಇವತ್ತಿಗೂ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಹಾಗಾಗಿ ಅಲ್ಲಿ ಹಳೆಯದು, ಮನೆಯಲ್ಲಿ ಹೊಸದು ಎಂದಾಯಿತು. ಸಂಜೆ ಓದಬೇಕಾದ ಅಧ್ಯಾಯವನ್ನು ಮಧ್ಯಾಹ್ನ ಸರಳಗನ್ನಡದಲ್ಲಿ ನೋಡಿಕೊಂಡು, ಸಿಕ್ಕು ಬಿದ್ದ ಕಡೆ ಉರ್ದು ತೆರೆದು ಹೋಗುತ್ತಿದ್ದೆವು. ಅಭ್ಯಾಸಕ್ಕೆ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾವು ಈಗಲೂ ಎರಡು ಭಾಷೆಯ ಎರಡು ಅನುವಾದ ಎನ್ನುತ್ತೇವೆ. ಒಂದು ಮುಚ್ಚಿಟ್ಟದ್ದನ್ನು ಇನ್ನೊಂದು ಹೊರಗೆಡಹುತ್ತದೆ.

ಹುಡುಕುತ್ತ ಹೋದಾಗ ಆ ಹಳೆಯ ಕನ್ನಡದ ಬೇರು ನಮ್ಮೂರಿನಲ್ಲೇ ಸಿಕ್ಕಿತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವನು. ಅವನೂ, ಮುಂದೆ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದ ವಿಲಿಯಂ ರೀವನೂ ಇಲ್ಲಿ ಕೂತು ದುಡಿದರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದದ್ದು 1831ರಲ್ಲಿ. ಆಮೇಲೆ ಅದನ್ನು ತಿದ್ದಿದವರು ಹಲವರು. ಟೀಚರಮ್ಮನ ಪ್ರತಿ ಇಪ್ಪತ್ತನೇ ಶತಮಾನದಲ್ಲಿ ಪರಿಷ್ಕಾರಗೊಂಡದ್ದು. ಆದರೂ ಈ ಧೂಳಿನ ಊರಿನಲ್ಲಿ ಎರಡು ದಶಕ ನಡೆದ ಕೆಲಸ ಎಂದು ತಿಳಿದಾಗ ಟೀಚರಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಉರ್ದುವಿನದೂ ಹಳೆಯ ಕತೆಯೇ. ಹೆನ್ರಿ ಮಾರ್ಟಿನ್ ಎಂಬ ಪಾದ್ರಿ ಮಿರ್ಜಾ ಫಿತ್ರತ್ ಅವರ ನೆರವಿನಿಂದ ಹೊಸ ಒಡಂಬಡಿಕೆಯನ್ನು ಹಿಂದೂಸ್ತಾನಿಗೆ ತಂದ. ಅದು 1814ರಲ್ಲಿ ಅಚ್ಚಾಗುವ ಹೊತ್ತಿಗೆ ಅವನು ತುರ್ಕಿಯ ತೋಕಾತಿನಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಪುಸ್ತಕದ ಮಾತಿನ ಹದದಲ್ಲಿ ಒಬ್ಬ ಮುಸಲ್ಮಾನ ಮುನ್ಷಿಯ ಕಿವಿ ಇತ್ತು ಎಂಬುದು ನಮ್ಮವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. 'ದೇವಕುಮಾರ' ಎಂಬ ಮಾತು ಬಂದಾಗಲೆಲ್ಲ ನಮ್ಮ ದನಿ ತಗ್ಗುತ್ತಿತ್ತು. ಈಸಾ ಅಲೈಹಿಸ್ಸಲಾಂ ನಮಗೆ ಪ್ರವಾದಿ, ಮರಿಯಮರ ಮಗ. ಅದಕ್ಕಿಂತ ಆಚೆ ನಮ್ಮ ಬಾಯಿ ಹೋಗದು. ಕುರುಡಾದವರ ಕಿವಿ ಚುರುಕು. ಟೀಚರಮ್ಮ ಒಂದು ದಿನ ಕೇಳಿಯೇಬಿಟ್ಟರು: "ಆ ಮಾತು ಬಂದಾಗ ನುಂಗ್ತೀರಿ ಯಾಕ? ನೀವು ನಂಬ್ರಿ ಅಂತ ನಾನು ಹೇಳಿಲ್ಲ. ಬರೆದದ್ದನ್ನ ಬರೆದಂಗ ಓದ್ರಿ. ಡಿಕ್ಟೇಶನ್ ಬರೆಸುವಾಗ ನಾನು ಅಕ್ಷರ ನುಂಗಿದ್ದೆನೇನು?" ನಾಚಿಕೆಯಾಯಿತು. ಮರುದಿನದಿಂದ ಪೂರ್ತಿ ಉಚ್ಚರಿಸಿದೆವು.

ಇದೇ ಮಾತಿಗಾಗಿ ಕ್ರೈಸ್ತರೊಳಗೇ ಜಗಳವಾದದ್ದು ಆಮೇಲೆ ತಿಳಿಯಿತು. ಮುಸ್ಲಿಮ್ ಓದುಗರಿಗೆಂದು ಸಿದ್ಧವಾದ ಕೆಲವು ಅನುವಾದಗಳಲ್ಲಿ 'ತಂದೆ', 'ಮಗ' ಎಂಬ ಮಾತುಗಳನ್ನು ಮೆದು ಮಾಡಿದ್ದಾರೆಂದು 2012ರಲ್ಲಿ ವಿಕ್ಲಿಫ್ ಸಂಸ್ಥೆಯ ಮೇಲೆ ಆಕ್ಷೇಪ ಬಂತು. ವರ್ಲ್ಡ್ ಇವಾಂಜೆಲಿಕಲ್ ಅಲಯನ್ಸ್ ನೇಮಿಸಿದ ಸಮಿತಿ 2013ರಲ್ಲಿ, ಆ ಮಾತುಗಳನ್ನು ನೇರವಾಗಿಯೇ ಅನುವಾದಿಸಬೇಕೆಂದು ಸಲಹೆ ಕೊಟ್ಟಿತು. ನಾವು ಆ ಸಮಿತಿಯ ಪರ. ನಮ್ಮ ಕಿವಿಗೆ ಹಿತವಾಗಲೆಂದು ನೆರೆಯವರ ನಂಬಿಕೆಯನ್ನು ಸಕ್ಕರೆ ಸವರಿ ಕೊಡುವ ಪುಸ್ತಕ ನಮಗೆ ಬೇಡ. ಅವರು ಏನು ನಂಬುತ್ತಾರೆಂದು ತಿಳಿಯಲೆಂದೇ ಅಲ್ಲವೆ ಓದುವುದು?

ಮೊಹಲ್ಲಾದಲ್ಲಿ ಪಿಸುಮಾತು ಎದ್ದಿತು. ಹಿರಿಯರೊಬ್ಬರು ಮಸೀದಿ ಮೆಟ್ಟಿಲಲ್ಲಿ ತಡೆದು, "ಕ್ಯಾ ಮಿಯಾಂ, ಆ ಕಿತಾಬಿನಲ್ಲಿ ಏನು ಹುಡುಕುತ್ತಿದ್ದೀರಿ?" ಎಂದರು. ತೌರಾತ್, ಜಬೂರ್, ಇಂಜೀಲ್ ಅಲ್ಲಾಹನಿಂದ ಇಳಿದವೆಂದು ನಂಬುವವರು ನಾವು. ಈಗ ಕೈಯಲ್ಲಿರುವುದು ಇಳಿದಂತೆಯೇ ಉಳಿದಿದೆಯೇ ಎಂಬ ವಾದವನ್ನೂ ಕೇಳಿ ಬೆಳೆದವರು. ಅದನ್ನೆಲ್ಲ ಮೆಟ್ಟಿಲ ಮೇಲೆ ಬಿಡಿಸುವುದು ಹೇಗೆ? "ಉಸ್ತಾದರಿಗೆ ಕಣ್ಣಿಲ್ಲ ಚಾಚಾ" ಎಂದೆವು. ಅವರು ಸುಮ್ಮನಾದರು. ಮೆಚ್ಚಿದರೆಂದು ಹೇಳಲಾರೆವು.

ನಮ್ಮಾಕೆಗೆ ಗಂಟಲು ಕಟ್ಟಿದ್ದು ಬೇರೆಲ್ಲೂ ಅಲ್ಲ, ಆದಿಕಾಂಡದ ಇಪ್ಪತ್ತೊಂದನೇ ಅಧ್ಯಾಯದಲ್ಲಿ. ಅಲ್ಲಿ ಹಾಗರಳು ದಾಸಿ. ರೊಟ್ಟಿ, ನೀರಿನ ತಿತ್ತಿ ಕೊಟ್ಟು ಮಗನ ಸಮೇತ ಅವಳನ್ನು ಹೊರಗೆ ಕಳಿಸುತ್ತಾರೆ. ನೀರು ತೀರಿ, ಮಗುವನ್ನು ಪೊದೆಯ ಕೆಳಗೆ ಬಿಟ್ಟು ದೂರ ಕೂತು ಅಳುತ್ತಾಳೆ. ನಮಗೆ ಆಕೆ ಬೀಬಿ ಹಾಜಿರಾ. ಹಜ್ಜಿಗೆ ಹೋದ ಪ್ರತಿಯೊಬ್ಬರೂ ಸಫಾ ಮರ್ವಾಗಳ ನಡುವೆ ನಡೆಯುವುದು ಆ ತಾಯಿಯ ಓಟದ ನೆನಪಿಗೆ. ಮೂರೂ ಅನುವಾದಗಳನ್ನು ತಿರುವಿದಳು. ಯಾವ ಭಾಷೆಯಲ್ಲೂ ಮನೆಯಿಂದ ಹೊರಬಿದ್ದವಳು ಹೊರಬಿದ್ದವಳೇ. ಓದು ನಿಂತದ್ದನ್ನು ಕೇಳಿ ಟೀಚರಮ್ಮ, "ನಿಮ್ಮಲ್ಲಿ ಹೆಂಗದ ಹೇಳವ್ವ" ಎಂದರು. ಓಟದ ಕತೆ, ಜಮ್‌ಜಮ್ಮಿನ ಕತೆ ಹೇಳಿದಳು. ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮದರಾಗೂ ದೇವರು ಆಕಿಗೆ ಬಾವಿ ತೋರಿಸ್ತಾನ. ಮುಂದ ಓದು" ಎಂದರು.

ಟೀಚರಮ್ಮ 2019ರಲ್ಲಿ ತೀರಿಕೊಂಡರು. ಕೊನೆಯ ವಾರ ಕೀರ್ತನೆಗಳನ್ನು ಬಿಟ್ಟು ಬೇರೇನೂ ಕೇಳಲಿಲ್ಲ. ಮಣ್ಣಾದ ಮೇಲೆ ಮಗಳು ಆ ಕಪ್ಪು ಪುಸ್ತಕವನ್ನು ನಮಗೇ ಕೊಡಲು ಬಂದಳು. ಮೊದಲ ಪುಟದಲ್ಲಿ ಅವರ ತಂದೆಯ ಕೈಬರಹದಲ್ಲಿ ಮನೆಮಂದಿಯ ಹುಟ್ಟಿದ ದಿನಗಳಿದ್ದವು, ಆ ಮಗಳದೂ ಇತ್ತು. ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ.

ಸರಳಗನ್ನಡದ್ದು ಮನೆಯಲ್ಲಿದ್ದರೂ ಆರು ತಿಂಗಳ ಬಳಿಕ ಅದೇ ಹಳೆಯ ಅನುವಾದದ ಹೊಸ ಪ್ರತಿ ಕೊಂಡೆವು. ಅಚ್ಚು ಚೊಕ್ಕಟವಾಗಿದೆ. ಗುರುತಿನ ಕಲೆಗಳಿಲ್ಲದ ಕಾರಣ ಬೇಕಾದ ಅಧ್ಯಾಯ ಹುಡುಕಲು ಹೊತ್ತಾಗುತ್ತದೆ. ಆದಿಕಾಂಡದ ಇಪ್ಪತ್ತೊಂದರಲ್ಲಿ ಮಾತ್ರ ನಮ್ಮಾಕೆ ಹೊಸಪೇಟೆ ಬಸ್ಸಿನ ಟಿಕೆಟ್ ಒಂದನ್ನು ಇಟ್ಟಿದ್ದಾಳೆ.