ನೀರಿನ ಬೆನ್ನು ನೋಡಿದ್ದೀರಾ?

1/6

ದೋಣಿಯಲ್ಲಿ ಕೂತಿದ್ದೀರಿ ಅಂದ್ಕೊಳ್ಳಿ. ಮುಂದೆ ಜಲಪಾತ. ದೋಣಿ ನಿಧಾನಕ್ಕೆ ಅದರ ಹಿಂಬದಿಗೆ ಹೋಗುತ್ತೆ. ಮೈಕ್ ಹಿಡಿದಿರೋ ಚಾಲಕ ಭಯಂಕರ ಗಂಭೀರವಾಗಿ, ಈಗ ನಿಮಗೆ ಜಗತ್ತಿನ ಎಂಟನೇ ಅದ್ಭುತ ತೋರಿಸ್ತೀನಿ ಅಂತಾನೆ. ಎಲ್ಲರೂ ಫೋನ್ ಎತ್ತುತ್ತಾರೆ. ಅವನು ತೋರಿಸೋದು ಏನು ಗೊತ್ತಾ? ಅದೇ ನೀರು, ಹಿಂದಿನಿಂದ. ನೀರಿನ ಬೆನ್ನು!

ಅಷ್ಟೇ ಜೋಕ್. ನಿಮಗೆ ಅರ್ಧ ನಗು ಬಂತು, ಅರ್ಧ "ಅಯ್ಯೋ ದೇವ್ರೇ" ಅನ್ನಿಸ್ತು ಅಲ್ವಾ? ಸರಿಯಾಗೇ ಕೇಳಿಸ್ಕೊಂಡಿದ್ದೀರಿ. ಆ "ಅಯ್ಯೋ" ಬರಲಿ ಅಂತಾನೇ ಹೇಳೋ ಜೋಕ್ ಅದು.

ಇದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಅನಾಹೈಮ್ ಅನ್ನೋ ಊರಲ್ಲಿರೋ ಡಿಸ್ನಿಲ್ಯಾಂಡ್‌ನ "ಜಂಗಲ್ ಕ್ರೂಸ್". 1955ರ ಜುಲೈ 17ರಂದು ಪಾರ್ಕ್ ಶುರುವಾದ ದಿನವೇ ಇದ್ದ ರೈಡ್, ಇವತ್ತಿಗೂ ಓಡ್ತಿದೆ. ಏಳೆಂಟು ನಿಮಿಷದ ಸವಾರಿ. ಯಂತ್ರದ ಆನೆ, ಯಂತ್ರದ ಹಿಪ್ಪೊ, ಮೈಕಲ್ಲಿ ಒಬ್ಬ ಮನುಷ್ಯ. ಅವನನ್ನ, ಅವಳನ್ನ, ಎಲ್ಲರನ್ನೂ ಅಲ್ಲಿ ಕರೆಯೋದು ಸ್ಕಿಪ್ಪರ್ ಅಂತ.

ನಾನು ಅಲ್ಲಿಗೆ ಹೋಗಿಲ್ಲ. ನನ್ನ ಹತ್ರ ಪಾಸ್‌ಪೋರ್ಟೇ ಇಲ್ಲ. ಆದ್ರೆ ಹೋದವರು ಹಾಕಿರೋ ವಿಡಿಯೊಗಳನ್ನ ಕಾಸ್ಟ್ ಅಕೌಂಟಿಂಗ್ ಓದಬೇಕಾದ ರಾತ್ರಿಗಳಲ್ಲಿ ಒಂದಾದ ಮೇಲೊಂದು ನೋಡಿದೀನಿ. ಪ್ರತಿ ವಿಡಿಯೊದಲ್ಲೂ ಅದೇ ನದಿ, ಅದೇ ಆನೆ, ಹೆಚ್ಚುಕಮ್ಮಿ ಅದೇ ಜೋಕ್. ಆದ್ರೂ ಬೋರ್ ಆಗ್ಲಿಲ್ಲ. ಯಾಕೆ ಅಂತ ತಲೆ ಕೆಡಿಸ್ಕೊಂಡಾಗ ಸಿಕ್ಕಿದ್ದನ್ನ ಈ ಆರು ಪೋಸ್ಟಲ್ಲಿ ಹೇಳ್ತೀನಿ.

2/6

ಮೊದಲಿಗೆ ಇದು ಕಾಮಿಡಿ ರೈಡೇ ಆಗಿರ್ಲಿಲ್ಲ.

ಆಗ ವಾಲ್ಟ್ ಡಿಸ್ನಿ "ಟ್ರೂ-ಲೈಫ್ ಅಡ್ವೆಂಚರ್ಸ್" ಅಂತ ಕಾಡುಪ್ರಾಣಿಗಳ ಸಾಕ್ಷ್ಯಚಿತ್ರಗಳನ್ನ ತೆಗೆಸ್ತಿದ್ರು. ರೈಡ್ ಕೂಡ ಅದೇ ಧಾಟಿಯಲ್ಲಿತ್ತು. ವಿನ್ಯಾಸ ಮಾಡಿದ ಹಾರ್ಪರ್ ಗಾಫ್, 1951ರ "ದಿ ಆಫ್ರಿಕನ್ ಕ್ವೀನ್" ಸಿನಿಮಾದ ದೋಣಿಯನ್ನ ಮನಸ್ಸಲ್ಲಿಟ್ಕೊಂಡಿದ್ರು. ಕಿತ್ತಳೆ ತೋಟ ಇದ್ದ ನೆಲದಲ್ಲಿ ಕಾಡು ಎಬ್ಬಿಸಿದ್ದು ಬಿಲ್ ಇವಾನ್ಸ್. ಬುಡಸಮೇತ ಕಿತ್ತ ಮರಗಳನ್ನ ತಲೆಕೆಳಗಾಗಿ ನೆಟ್ಟು, ಬೇರುಗಳೇ ವಿಚಿತ್ರ ಕೊಂಬೆಗಳ ಥರ ಕಾಣೋ ಹಾಗೆ ಮಾಡಿದ್ರು!

ನಿಜವಾದ ಪ್ರಾಣಿಗಳನ್ನೇ ತರಬೇಕು ಅನ್ನೋದು ವಾಲ್ಟ್ ಆಸೆ. ಆದ್ರೆ ಪ್ರಾಣಿಗಳಿಗೆ ಟೈಮ್‌ಟೇಬಲ್ ಎಲ್ಲಿರುತ್ತೆ? ದೋಣಿ ಬರೋ ಹೊತ್ತಿಗೆ ಮಲಗಿರ್ತಾವೆ, ಇಲ್ಲಾ ಬಚ್ಚಿಟ್ಕೊಂಡಿರ್ತಾವೆ. ಶ್ರೀರಂಗಪಟ್ಟಣದ ಹತ್ರ ರಂಗನತಿಟ್ಟಿಗೆ ಹೋಗಿ ದೋಣಿ ಹತ್ತಿದವರಿಗೆ ಇದು ಗೊತ್ತು. ಕಾವೇರಿ ಮಧ್ಯದ ಬಂಡೆ ಮೇಲೆ ಮೊಸಳೆ ಬಾಯಿ ಕಳ್ಕೊಂಡು ಮಲಗಿದ್ರೆ ಮಿಸುಕೋದೇ ಇಲ್ಲ. ನಾವು ಹೋದಾಗ ಒಂದು ಮಗು "ಅದು ಬೊಂಬೆನಾ?" ಅಂತ ಕೇಳೇಬಿಡ್ತು. ನಮ್ಮಲ್ಲಿ ನಿಜವಾದ್ದು ಬೊಂಬೆ ಥರ ಇರುತ್ತೆ, ಅಲ್ಲಿ ಬೊಂಬೆ ನಿಜದ ಥರ ನಟಿಸ್ಬೇಕು.

ಕೊನೆಗೆ ಯಂತ್ರದ ಪ್ರಾಣಿಗಳೇ ಬಂದ್ವು. ಅವು ಪ್ರತಿ ಸಲ ಅದೇ ಜಾಗದಲ್ಲಿ ಅದನ್ನೇ ಮಾಡ್ತಾವೆ. ಒಂದು ಸಲ ನೋಡಿದ ಮೇಲೆ ಮುಗೀತು. ಈ ರೈಡ್ ಆಗಲೇ ನೋಡಿದೀವಿ, ಬೇಡ ಅಂತ ಯಾರೋ ಒಬ್ಬ ಹೆಂಗಸು ಹೇಳಿದ್ದು ವಾಲ್ಟ್ ಕಿವಿಗೆ ಬಿತ್ತು ಅನ್ನೋ ಕಥೆಯನ್ನ ಡಿಸ್ನಿ ಅಭಿಮಾನಿಗಳು ಈಗಲೂ ಹೇಳ್ತಾರೆ.

1960ರ ದಶಕದ ಶುರುವಿನಲ್ಲಿ ಮಾರ್ಕ್ ಡೇವಿಸ್ ಅನ್ನೋ ಅನಿಮೇಟರ್ ಇಲ್ಲಿಗೆ ತಮಾಷೆಯ ದೃಶ್ಯಗಳನ್ನ ತಂದ್ರು. 1962ರಲ್ಲಿ ಸ್ನಾನ ಮಾಡೋ ಆನೆಗಳ ಕೊಳ ಬಂತು. ಅವು ಇಂಡಿಯಾದ ಆನೆಗಳು, ನಮ್ಮೋರೇ! ಅಲ್ಲಿ ಸ್ಕಿಪ್ಪರ್ ಹೇಳೋ ಹಳೇ ಜೋಕ್: ನಾಚ್ಕೋಬೇಡಿ, ಫೋಟೊ ತೆಗೀರಿ, ಎಲ್ಲರೂ ಟ್ರಂಕ್ ಹಾಕ್ಕೊಂಡೇ ಇದ್ದಾರೆ. ಟ್ರಂಕ್ ಅಂದ್ರೆ ಸೊಂಡಿಲೂ ಹೌದು, ಈಜೋವಾಗ ಹಾಕೋ ಚಡ್ಡಿಯೂ ಹೌದು. ಹೂಂ, ಗೊತ್ತು. ಅಯ್ಯೋ ದೇವ್ರೇ.

3/6

ಈಗ ನಮ್ಮ ಬಿಕಾಂ ತಲೆ ಉಪಯೋಗಿಸೋಣ.

ಡಿಪ್ರಿಸಿಯೇಷನ್ ನೆನಪಿದೆ ಅಲ್ವಾ? ಮೆಷಿನ್ ತಗೊಂಡ್ರೆ ವರ್ಷಾ ವರ್ಷಾ ಅದರ ಬೆಲೆ ಇಳಿಸ್ತಾ ಹೋಗ್ಬೇಕು. ಥೀಮ್ ಪಾರ್ಕಿನ ಬೆರಗಿಗೂ ಇದೇ ಲೆಕ್ಕ. "ಎಲ್ಲಕ್ಕಿಂತ ಎತ್ತರ" ಅಂತ ಬೋರ್ಡ್ ಹಾಕಿದ ರೋಲರ್ ಕೋಸ್ಟರ್, ಇನ್ನೊಬ್ಬರು ಇನ್ನೂ ಎತ್ತರದ್ದು ಕಟ್ಟೋವರೆಗೆ ಮಾತ್ರ ಹೊಸದು. ಇವತ್ತಿನ ದೊಡ್ಡ ಸ್ಕ್ರೀನ್ ನಾಳೆ ಮಸುಕು. 1955ರಲ್ಲಿ ಕಿವಿ ಅಲ್ಲಾಡಿಸೋ ಹಿಪ್ಪೊ ಪವಾಡ. ಇವತ್ತು ಫೋನ್ ಹಿಡಿದ ಮೂರು ವರ್ಷದ ಮಗೂನೂ ಅದಕ್ಕೆ ಬೆರಗಾಗಲ್ಲ.

ಹಾಗಾದ್ರೆ ಜಂಗಲ್ ಕ್ರೂಸ್ ಇಷ್ಟೊತ್ತಿಗೆ ಗುಜರಿಗೆ ಹೋಗ್ಬೇಕಿತ್ತು. ಹೋಗಿಲ್ಲ. ಯಾಕಂದ್ರೆ ಹಿಪ್ಪೊ ಸುಳ್ಳು ಅಂತ ನಾವು ಹೇಳೋಕ್ಕಿಂತ ಮೊದಲೇ ಸ್ಕಿಪ್ಪರ್ ಅದನ್ನ ಜೋಕ್ ಮಾಡಿ ಮುಗಿಸಿರ್ತಾರೆ. ದೋಣಿ ಓಡೋದು ನೀರಿನಡಿ ಇರೋ ಕಂಬಿ ಹಿಡ್ಕೊಂಡು. ಆ ಕಂಬಿ ಕಾಣದೇ ಇರ್ಲಿ ಅಂತ ನೀರಿಗೆ ಬಣ್ಣ ಹಾಕಿರ್ತಾರೆ. ವೇಗ ಹೆಚ್ಚುಕಮ್ಮಿ ಮಾಡೋದು ಮಾತ್ರ ಸ್ಕಿಪ್ಪರ್ ಕೈಲಿ. ಆದ್ರೂ ಅವರು ಪ್ರಾಣ ಹೋಗೋ ಹಾಗೆ ಸ್ಟೀರಿಂಗ್ ತಿರುಗಿಸ್ತಾರೆ. ಇದು ಸುಳ್ಳು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು, ನಮಗೆ ಗೊತ್ತು ಅನ್ನೋದು ಅವರಿಗೂ ಗೊತ್ತು. ಇಷ್ಟು ಗೊತ್ತಾದ ಮೇಲೆ ಹಳೇದಾಗೋಕೆ ಏನು ಉಳೀತು ಹೇಳಿ? ಹಿಪ್ಪೊ ಬಣ್ಣ ಮಾಸಿದ್ರೆ ಜೋಕ್ ಇನ್ನೂ ಚೆನ್ನಾಗಾಗುತ್ತೆ!

ಅವರಿಗೆ ಕಂಪನಿ ಒಪ್ಪಿದ ಸ್ಕ್ರಿಪ್ಟ್ ಇರುತ್ತೆ. ಆದ್ರೆ ಎಲ್ಲಿ ನಿಲ್ಲಿಸ್ಬೇಕು, ಯಾರ ಮುಖ ನೋಡ್ಬೇಕು, ಯಾರೂ ನಗದೇ ಇದ್ದಾಗ ಆ ಮೌನವನ್ನೇ ಹೇಗೆ ಜೋಕ್ ಮಾಡ್ಬೇಕು, ಇದನ್ನ ಯಾವ ಸ್ಕ್ರಿಪ್ಟೂ ಬರೆದು ಕೊಡಲ್ಲ. ಅದಕ್ಕೇ ಇದು ಒಳ್ಳೇ ಪಾಠಶಾಲೆ. "ಟಾಯ್ ಸ್ಟೋರಿ" ನಿರ್ದೇಶಿಸಿದ ಜಾನ್ ಲ್ಯಾಸೆಟರ್ ಇಲ್ಲಿ ಸ್ಕಿಪ್ಪರ್ ಆಗಿದ್ರು. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಪತ್ರಿಕಾ ಕಾರ್ಯದರ್ಶಿ ರಾನ್ ಝೀಗ್ಲರ್ ಕೂಡ. ವಾಟರ್‌ಗೇಟ್ ಹಗರಣದ ದಿನಗಳಲ್ಲಿ ಪತ್ರಕರ್ತರ ಮುಂದೆ ನಿಲ್ಲೋಕೆ, ಬೊಂಬೆ ಮೊಸಳೆ ತೋರಿಸಿ "ಹುಷಾರು!" ಅಂತ ಹೇಳಿದ ಅನುಭವ ಎಷ್ಟು ಉಪಯೋಗಕ್ಕೆ ಬಂತೋ, ನೀವೇ ಊಹಿಸ್ಕೊಳ್ಳಿ.

ಅಕೌಂಟ್ಸ್ ಭಾಷೇಲಿ ಹೇಳೋದಾದ್ರೆ ಹಿಪ್ಪೊ ಮೆಷಿನರಿ, ಸ್ಕಿಪ್ಪರ್ ತಂದುಕೊಡೋದು ಗುಡ್‌ವಿಲ್. ಕೈಗೆ ಸಿಗಲ್ಲ, ತೂಕ ಮಾಡೋಕಾಗಲ್ಲ, ಆದ್ರೆ ವ್ಯಾಪಾರ ನಿಂತಿರೋದೇ ಅದರ ಮೇಲೆ.

4/6

ಇದು ನನಗೆ ಯಾಕೆ ಇಷ್ಟು ತಾಗ್ತು ಅಂದ್ರೆ, ನಮ್ಮನೇಲೂ ಒಬ್ಬರು ಸ್ಕಿಪ್ಪರ್ ಇದ್ದಾರೆ. ಅಪ್ಪ. ಬಸ್ ಕಂಡಕ್ಟರ್, 24 ವರ್ಷದ ಸರ್ವೀಸ್.

ಬಾಗಿಲಲ್ಲೇ ಜೋತುಬಿದ್ದವರಿಗೆ ಅಪ್ಪನ ಡೈಲಾಗ್: "ದ್ವಾರಪಾಲಕರೆಲ್ಲ ಒಳಗೆ ಬನ್ನಿ, ಗರ್ಭಗುಡಿ ಖಾಲಿ ಇದೆ." ಹದಿನೈದು ರೂಪಾಯಿ ಟಿಕೆಟಿಗೆ ಐನೂರರ ನೋಟು ಕೊಟ್ಟವರಿಗೆ: "ಸ್ವಾಮಿ, ಬಸ್ಸು ಮಾರಾಟಕ್ಕಿಲ್ಲ, ಟಿಕೆಟ್ ಮಾತ್ರ." ಅದೇ ರೂಟು, ಅದೇ ಜನ, ಅದೇ ಡೈಲಾಗು. ಬೆಳಗ್ಗೆ ಎಂಟರ ಟ್ರಿಪ್ಪಲ್ಲಿ ಹೂ ಮಾರೋ ಅಜ್ಜಿ ಒಬ್ಬರು ಅಪ್ಪನಿಗಿಂತ ಮುಂಚೆ "ಬಸ್ಸು ಮಾರಾಟಕ್ಕಿಲ್ಲ ಕಣಪ್ಪಾ" ಅಂತ ಹೇಳಿಬಿಡ್ತಾರೆ. ಇಡೀ ಬಸ್ ನಗುತ್ತೆ. ನೋಟು ಕೊಟ್ಟವರೂ ನಗ್ತಾ ಜೇಬು ತಡಕ್ತಾರೆ.

ಆ ವಿಡಿಯೊಗಳಲ್ಲೂ ಹೀಗೇ ಆಗುತ್ತೆ. ಮತ್ತೆ ಮತ್ತೆ ಬರೋ ಜನ ನೀರಿನ ಬೆನ್ನಿನ ಜೋಕನ್ನ ಸ್ಕಿಪ್ಪರ್ ಜೊತೆ ಕೋರಸ್‌ನಲ್ಲಿ ಹೇಳ್ತಾರೆ. ಜೋಕ್ ಮೊದಲೇ ಗೊತ್ತಿದ್ರೆ ಕೆಡುತ್ತೆ ಅಂತ ನಾವು ಅಂದ್ಕೊಂಡಿದೀವಿ. ಇಲ್ಲಿ ಗೊತ್ತಿರೋದ್ರಿಂದಲೇ ಅದು ಎಲ್ಲರದ್ದಾಗುತ್ತೆ.

ಈಗ ಎಷ್ಟೋ ಬಸ್‌ಗಳಲ್ಲಿ ಮುಂದಿನ ಸ್ಟಾಪ್ ಯಾವುದು ಅಂತ ಹೇಳೋದು ರೆಕಾರ್ಡ್ ಆದ ಧ್ವನಿ. ದುಡ್ಡು ಫೋನಲ್ಲಿ ಹೋಗುತ್ತೆ. ಒಳ್ಳೇದೇ. ಕಣ್ಣು ಕಾಣದವರಿಗೆ ಆ ಧ್ವನಿ ಬೇಕೇ ಬೇಕು, ಚಿಲ್ಲರೆ ಜಗಳವೂ ಕಮ್ಮಿ ಆಯ್ತು. ನಾನು ಅದರ ವಿರುದ್ಧ ಇಲ್ಲ. ಆದ್ರೆ ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಕೇಳಿದ್ರು, "ಸ್ಟಾಪ್ ಅದು ಹೇಳುತ್ತೆ, ದುಡ್ಡು ಅದು ತಗೊಳ್ಳುತ್ತೆ, ನಾನು ಏನ್ ಮಾಡ್ಲಿ?" ತಮಾಷೆಗೇ ಕೇಳಿದ್ದು. ಆದ್ರೆ ಯಾರೂ ನಗಲಿಲ್ಲ. ಅಮ್ಮ ಸುಮ್ಮನೆ ಇನ್ನೊಂದು ಸೌಟು ಸಾರು ಬಡಿಸಿದ್ರು.

ಅವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗ ಅರ್ಧ ಇದೆ. ದೋಣಿ ಕಂಬಿ ಮೇಲೇ ಓಡೋದಾದ್ರೂ ಸ್ಕಿಪ್ಪರ್ ಬೇಕು. ದಾರಿ ತೋರಿಸೋಕಲ್ಲ. ಗುರುತು ಪರಿಚಯ ಇಲ್ಲದವರು ಅಕ್ಕಪಕ್ಕ ಕೂತಿರ್ತಾರೆ, ಅವರನ್ನ ಏಳು ನಿಮಿಷಕ್ಕಾದ್ರೂ ಒಂದು ಗುಂಪು ಮಾಡೋಕೆ. ಉಳಿದರ್ಧ ಉತ್ತರ, ಅಂದ್ರೆ ಆ ಕೆಲಸಕ್ಕೆ ಸಂಬಳ ಯಾರು ಕೊಡ್ತಾರೆ ಅನ್ನೋದು, ನಾವು ಬಿಕಾಂ ಓದ್ತಿರೋರೇ ನಾಳೆ ಬಜೆಟ್ ಬರೆಯೋವಾಗ ಯೋಚಿಸ್ಬೇಕಾದ್ದು.

5/6

ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಈ ಭಾಗ ಸ್ಕಿಪ್ ಮಾಡ್ಬೇಡಿ.

ಜಂಗಲ್ ಕ್ರೂಸ್‌ನಲ್ಲಿ ಕೆಟ್ಟ ತಮಾಷೆಯೂ ಇತ್ತು. ಮಾರ್ಕ್ ಡೇವಿಸ್ ಕಾಲದ ಒಂದು ದೃಶ್ಯ ಹೀಗಿತ್ತು: ಘೇಂಡಾಮೃಗ ಅಟ್ಟಿಸ್ಕೊಂಡು ಬಂದಿದೆ, ಜನ ಒಂದು ಕಂಬ ಹತ್ತಿದ್ದಾರೆ. ಮೇಲ್ತುದಿಯಲ್ಲಿ ಬಿಳಿ ಯಾತ್ರಿಕ. ಕೆಳಗೆ, ಕೊಂಬಿಗೆ ಹತ್ತಿರ, ಅವನ ಸಾಮಾನು ಹೊರೋ ಕಪ್ಪು ಜನ. ರೈಡ್ ಕೊನೆಯಲ್ಲಿ "ಟ್ರೇಡರ್ ಸ್ಯಾಮ್" ಅನ್ನೋ ಬೊಂಬೆ ಇತ್ತು, ಮನುಷ್ಯರ ತಲೆಗಳನ್ನ ಕುಗ್ಗಿಸಿ ಮಾರೋ ಕಾಡಿನವನು ಅಂತ. ಎಷ್ಟೋ ವರ್ಷ ಜನ ಅದಕ್ಕೂ ನಕ್ಕರು.

2021ರಲ್ಲಿ ಡಿಸ್ನಿ ಇವನ್ನ ಬದಲಾಯಿಸ್ತು. ಸ್ಯಾಮ್ ಬೊಂಬೆ ಹೋಯ್ತು. ಕಂಬ ಹಾಗೇ ಇದೆ, ಘೇಂಡಾಮೃಗವೂ ಇದೆ. ಈಗ ಕಂಬ ಹತ್ತಿರೋದು ಹಿಂದಿನ ಟ್ರಿಪ್ಪಿನ ಸ್ಕಿಪ್ಪರ್ ಮತ್ತು ಅವನ ಪ್ರಯಾಣಿಕರು. ಅಂದ್ರೆ ನಮ್ಮಂಥವರೇ.

ಹಳೇದನ್ನ ಮುಟ್ಟಬಾರದಿತ್ತು ಅಂತ ಬೇಜಾರು ಮಾಡ್ಕೊಂಡವರೂ ಇದ್ದಾರೆ. ನನಗೆ ಕಾಣೋದು ಬೇರೆ. ನೀರಿನ ಬೆನ್ನಿನ ಜೋಕಲ್ಲಿ ಪೆಟ್ಟು ಯಾರಿಗೆ? ಹೇಳಿದವರಿಗೇ. ಸ್ಕಿಪ್ಪರ್ ತನ್ನ ದೋಣಿ, ತನ್ನ ಸಂಬಳ, ತನ್ನ ಹಳಸಲು ಜೋಕು, ಎಲ್ಲವನ್ನೂ ಆಡ್ಕೊಳ್ತಾರೆ. ಅಂಥ ಜೋಕು ತಲೆಮಾರು ದಾಟುತ್ತೆ. ದೋಣಿಯಲ್ಲಿ ಇಲ್ಲದವರನ್ನ, ತಿರುಗಿ ಉತ್ತರ ಕೊಡೋಕಾಗದವರನ್ನ ಆಡ್ಕೊಂಡ ಜೋಕಿಗೆ ಆ ಆಯುಸ್ಸಿಲ್ಲ. ಒಂದಲ್ಲ ಒಂದು ದಿನ ಅವರ ಮೊಮ್ಮಕ್ಕಳು ಟಿಕೆಟ್ ತಗೊಂಡು ಅದೇ ದೋಣಿ ಹತ್ತುತ್ತಾರೆ.

ನಮ್ಮ ಕ್ಲಾಸ್ ಗ್ರೂಪಲ್ಲಿ ಯಾರದೋ ಬಣ್ಣ, ಯಾರದೋ ಇಂಗ್ಲಿಷ್, ಯಾರದೋ ಊರಿನ ಮಾತಿನ ಮೇಲೆ ಸ್ಟಿಕ್ಕರ್ ಮಾಡ್ತಾರಲ್ಲ, ಅದನ್ನೂ ಇದೇ ತಕ್ಕಡೀಲಿ ಹಾಕಿ ನೋಡಿ. ಸ್ಟಿಕ್ಕರ್ ಆದವರು ಆ ಗ್ರೂಪಲ್ಲೇ ಇದ್ದಾರೆ. ಸ್ಮೈಲಿ ಹಾಕಿದ್ದಾರೆ ಅಂದ ಮಾತ್ರಕ್ಕೆ ನಕ್ಕಿದ್ದಾರೆ ಅಂತ ಅರ್ಥ ಅಲ್ಲ.

6/6

ಕೊನೇದು, ಭಾಷೆ ವಿಷಯ.

ಟ್ರಂಕ್ ಜೋಕನ್ನ ಕನ್ನಡಕ್ಕೆ ತಂದು ನೋಡಿ. ಸತ್ತೇ ಹೋಗುತ್ತೆ. ಪದದಾಟದ ಹಣೆಬರಹವೇ ಅದು, ಊರು ಬಿಟ್ಟು ಬರಲ್ಲ. ಆದ್ರೆ ಈ ರೈಡ್ ಮಾತ್ರ ದೇಶ ದಾಟಿದೆ. ಟೋಕಿಯೊ ಡಿಸ್ನಿಲ್ಯಾಂಡ್ ಶುರುವಾದ 1983ರಿಂದ ಅಲ್ಲಿ ಜಪಾನಿ ಮಾತಾಡೋ ಸ್ಕಿಪ್ಪರ್‌ಗಳಿದ್ದಾರೆ. 2005ರಲ್ಲಿ ಶುರುವಾದ ಹಾಂಗ್‌ಕಾಂಗ್‌ನದ್ದು ಇನ್ನೂ ಮಜಾ: ಕ್ಯಾಂಟನೀಸ್, ಮ್ಯಾಂಡರಿನ್, ಇಂಗ್ಲಿಷ್, ಮೂರಕ್ಕೂ ಬೇರೆ ಬೇರೆ ಕ್ಯೂ. ಬರೀ ಪ್ರಾಣಿ ನೋಡೋದಾಗಿದ್ರೆ ಒಂದೇ ಕ್ಯೂ ಸಾಕಿತ್ತು. ಜನ ನಿಂತಿರೋದು ತಮ್ಮ ಭಾಷೇಲಿ ತಮ್ಮನ್ನ ಗೋಳು ಹುಯ್ಕೊಳ್ಳೋ ಒಬ್ಬ ಮನುಷ್ಯನಿಗಾಗಿ.

ಡಿಸ್ನಿ ಒಂದೇ ಅಲ್ಲ. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ 1964ರಿಂದ ಟ್ರ್ಯಾಮ್ ಟೂರ್ ಇದೆ, ಗೈಡ್ ಜೊತೆಗೆ. ಫ್ಲಾರಿಡಾದಲ್ಲಿ "ಜಾಸ್" ಸಿನಿಮಾದ ಶಾರ್ಕ್ ದೋಣಿ ರೈಡ್ 1990ರಿಂದ 2012ರವರೆಗೆ ಇತ್ತು. ಬೊಂಬೆ ಶಾರ್ಕ್ ಮುಂದೆ ಗಂಟಲು ಹರಿಯೋ ಹಾಗೆ ಕಿರುಚ್ತಿದ್ದ ಸ್ಕಿಪ್ಪರ್‌ಗಳನ್ನ ಜನ ಈಗಲೂ ನೆನೆಸ್ಕೊಳ್ತಾರೆ. 2021ರಲ್ಲಿ ಡ್ವೇನ್ ಜಾನ್ಸನ್ ನಟಿಸಿದ "ಜಂಗಲ್ ಕ್ರೂಸ್" ಸಿನಿಮಾ ಬಂತಲ್ಲ, ಅಷ್ಟೆಲ್ಲ ಗ್ರಾಫಿಕ್ಸ್ ಮಧ್ಯೆ ನನ್ನ ನೆನಪಲ್ಲಿ ಉಳಿದಿದ್ದು ಶುರುವಿನಲ್ಲಿ ಅವನು ಪ್ರವಾಸಿಗರಿಗೆ ಹೊಡೆಯೋ ದರಿದ್ರ ಜೋಕುಗಳೇ.

ಮುಂದಿನ ವರ್ಷ ನಮ್ಮಲ್ಲಿ ತುಂಬಾ ಜನ ಬ್ಯಾಂಕ್ ಕೌಂಟರ್, ಶೋರೂಮ್, ಕಾಲ್ ಸೆಂಟರ್ ಅಂತ ಎಲ್ಲೋ ಒಂದು ಕಡೆ ಕೂರ್ತೀವಿ. ದಿನಕ್ಕೆ ನೂರು ಸಲ ಒಂದೇ ವಾಕ್ಯ ಹೇಳ್ತೀವಿ. ಬರೀ ವಾಕ್ಯ ಹೇಳೋದಾದ್ರೆ ರೆಕಾರ್ಡಿಂಗ್ ನಮಗಿಂತ ಚೆನ್ನಾಗಿ ಹೇಳುತ್ತೆ, ಅದಕ್ಕೆ ಗಂಟಲು ನೋವೂ ಬರಲ್ಲ. ನೂರನೇ ಸಲವೂ ಎದುರಿಗಿರೋ ಮುಖ ನೋಡಿ ಹೇಳೋದು ಮಾತ್ರ ಅದಕ್ಕೆ ಬರಲ್ಲ. ನನಗಂತೂ ಆ ಸ್ಕಿಪ್ಪರ್‌ಗಳ ಹತ್ರ, ಅಪ್ಪನ ಹತ್ರ ಕಲೀಬೇಕಾದ್ದು ಅದೊಂದೇ.

ನಿಮ್ಮ ಊರಿನ ಕಂಡಕ್ಟರ್, ದೋಣಿಯವರು, ಕೋಟೆ ತೋರಿಸೋ ಗೈಡ್, ಯಾರಾದ್ರೂ ಸರಿ, ನಿಮಗೆ ಬಾಯಿಪಾಠ ಆಗಿರೋ ಅವರ ಒಂದು ಡೈಲಾಗ್ ಕಾಮೆಂಟಲ್ಲಿ ಹಾಕಿ. ಚೆನ್ನಾಗಿರೋದನ್ನ ಅಪ್ಪನಿಗೆ ಓದಿ ಹೇಳ್ತೀನಿ. ನಾಳೆ ಎಂಟರ ಟ್ರಿಪ್ಪಲ್ಲಿ ಅದು ಓಡ್ಬಹುದು. ಅಜ್ಜಿ ಪಾಸ್ ಮಾಡಿದ್ರೆ ಮಾತ್ರ.

#ಜಂಗಲ್‌ಕ್ರೂಸ್ #ನೀರಿನಬೆನ್ನು #ಬಿಕಾಂಬದುಕು #ಕನ್ನಡಬರಹ