ಹೇರಿನ ಲೆಕ್ಕ

ಗೊಟಗೋಡಿಯ ನಮ್ಮ ಮನೆಗೆ ಮಾರುತಿ 800 ಬಂದದ್ದು 1996ರಲ್ಲಿ. ಬೇರೊಬ್ಬರು ಬಳಸಿದ್ದ ಬಿಳಿಯ ಕಾರು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿಯ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಗ್ರಾಹಕರೊಬ್ಬರಿಗೆ ಒಪ್ಪಿಸಿದಂದಿನಿಂದ, ಕಾರು ಸಿರಿವಂತರ ಸೊತ್ತೆಂಬ ಭಾವನೆ ಮೆಲ್ಲಗೆ ಕರಗತೊಡಗಿತ್ತು. ಮೂರು ಸಿಲಿಂಡರಿನ, 796 ಸಿ.ಸಿ.ಯ ಆ ಪುಟ್ಟ ವಾಹನ ನನ್ನಂಥ ಶಾಲಾ ಮಾಸ್ತರನ ಅಂಗಳಕ್ಕೂ ಬಂದು ನಿಂತಿತು.

ಒಬ್ಬನೇ ಕುಳಿತು ಹುಬ್ಬಳ್ಳಿಗೆ ಓಡಿಸುವಾಗ ಅದರಷ್ಟು ವಿಧೇಯವಾದ ಗಾಡಿ ಇನ್ನೊಂದಿಲ್ಲವೆನಿಸುತ್ತಿತ್ತು. ಪೇಟೆಯ ಇಕ್ಕಟ್ಟಿನ ಓಣಿಯಲ್ಲೂ ಸಲೀಸಾಗಿ ತಿರುಗುವುದು. ಗೇರು ಬದಲಿಸಿ ಒಮ್ಮೆ ತುಳಿದರೆ ಮುಂದಿನ ಲಾರಿ ಹಿಂದೆ ಉಳಿಯುವುದು. ಈ ಸುಲಭತೆಯೇ ನನ್ನೊಳಗೆ ಸಣ್ಣದೊಂದು ಅಹಂಕಾರವನ್ನು ಬೆಳೆಸಿತ್ತು.

1998ರಲ್ಲಿ ಹುಬ್ಬಳ್ಳಿಯಲ್ಲೊಂದು ಮದುವೆ ಮುಗಿಸಿ ರಾತ್ರಿ ಹಿಂದಿರುಗುತ್ತಿದ್ದೆವು. ನನ್ನ ಪಕ್ಕದಲ್ಲಿ ಅಪ್ಪ. ಹಿಂದೆ ಅವ್ವ, ನನ್ನ ಮನೆಯವರು, ಮಕ್ಕಳಿಬ್ಬರು. ಡಿಕ್ಕಿಯಲ್ಲಿ ಅಕ್ಕಿಯ ಚೀಲ, ಹಿತ್ತಾಳೆಯ ಪಾತ್ರೆಗಳು. ಹೆದ್ದಾರಿಯಲ್ಲಿ ಆಗ ಹೋಗುವ ಬರುವ ವಾಹನಗಳಿಗೆಲ್ಲ ಒಂದೇ ರಸ್ತೆ. ತಡಸ ದಾಟಿದ ಮೇಲೆ ಹತ್ತಿ ಹೇರಿದ ಟ್ರ್ಯಾಕ್ಟರೊಂದು ಮುಂದಿತ್ತು. ಎಂದಿನಂತೆ ಬಲಕ್ಕೆ ತೆಗೆದು ತುಳಿದೆ. ಕಾರು ಎಂದಿನಂತೆ ಜಿಗಿಯಲಿಲ್ಲ. ಎದುರಿನಿಂದ ಲಾರಿ ಬರುತ್ತಿತ್ತು. ಬ್ರೇಕು ಒತ್ತಿದೆ, ಅದೂ ಎಂದಿನಂತೆ ಹಿಡಿಯಲಿಲ್ಲ. ಲಾರಿಯವನು ಮಣ್ಣಿನಂಚಿಗೆ ಇಳಿಸಿದ್ದರಿಂದ ನಾವು ಉಳಿದೆವು.

ರಸ್ತೆಯ ಬದಿಗೆ ನಿಲ್ಲಿಸಿದಾಗ ಯಾರೂ ಮಾತಾಡಲಿಲ್ಲ. ನನ್ನ ಕೈ ನಡುಗುತ್ತಿತ್ತು. ಜೀವಮಾನವೆಲ್ಲ ಚಕ್ಕಡಿ ಹೂಡಿದ್ದ ಅಪ್ಪ ಕೆಳಗಿಳಿದು, ಕಾರಿನ ಹಿಂದೆ ಹೋಗಿ ನೋಡಿ ಬಂದರು.

“ತಮ್ಮಾ, ಹಿಂದ ಹೇರು ಭಾಳ ಆಗೇತಿ. ಚಕ್ಕಡಿ ಆಗಿದ್ರ ನೊಗ ಮ್ಯಾಲೆದ್ದು ಎತ್ತಿನ ಕೊರಳು ಬಿಗೀತಿತ್ತು. ಎತ್ತು ನಿಂತು ಹೇಳತಾವ. ಇದು ಹೇಳಂಗಿಲ್ಲ, ನೀನ ತಿಳಕೋಬೇಕು.”

ಆ ಮಾತಿನಲ್ಲಿ ಯಂತ್ರಶಾಸ್ತ್ರವೇ ಅಡಗಿತ್ತು. ಮಾರುತಿಯನ್ನು ಎಳೆಯುವುದೂ ತಿರುಗಿಸುವುದೂ ಮುಂದಿನ ಗಾಲಿಗಳೇ. ಹಿಂದೆ ಭಾರ ಹೆಚ್ಚಾದರೆ ಅವುಗಳ ಹಿಡಿತ ಸಡಿಲಾಗುತ್ತದೆ. ಮೂತಿ ಮೇಲೆದ್ದು ದೀಪದ ಬೆಳಕು ಎದುರಿನವರ ಕಣ್ಣು ಕುಕ್ಕುತ್ತದೆ. ಭಾರ ಹೆಚ್ಚಿದಷ್ಟೂ ವೇಗ ಏರುವುದು ನಿಧಾನ. ವೇಗ ಎರಡು ಪಟ್ಟಾದರೆ, ಬ್ರೇಕು ಒತ್ತಿದ ಮೇಲೆ ಗಾಡಿ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಒಬ್ಬನೇ ಓಡಿಸುವ ಕಾರು, ಸಂಸಾರವನ್ನು ಹೊತ್ತ ಕಾರು, ಇವೆರಡೂ ಒಂದೇ ಅಲ್ಲವೆಂಬುದನ್ನು ನಾನು ಮರೆತಿದ್ದೆ. ಅಕ್ಕಿಯ ಚೀಲವನ್ನು ಅಪ್ಪ ತಮ್ಮ ಕಾಲ ಬಳಿ ಇರಿಸಿಕೊಂಡರು. ಊರು ಬರುವವರೆಗೆ ಆ ಟ್ರ್ಯಾಕ್ಟರಿನ ಹಿಂದೆಯೇ ನಡೆದೆ.

ಮಾರುತಿ 800ರ ತಯಾರಿಕೆ 2014ರಲ್ಲಿ ನಿಂತಿತು. ಅಪ್ಪನೂ ಈಗಿಲ್ಲ. ಹೆದ್ದಾರಿ ಅಗಲವಾಗಿದೆ, 4 ಎಂದಿದ್ದ ಅದರ ಸಂಖ್ಯೆ ಇಂದು 48. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯದಿಂದಲೂ ಉತ್ಸವ ರಾಕ್ ಗಾರ್ಡನ್‌ನಿಂದಲೂ ನಮ್ಮೂರು ನಾಡಿಗೆ ಪರಿಚಿತವಾಗಿದೆ. ಮಗನ ಹೊಸ ಕಾರಿನಲ್ಲಿ ಗಾಳಿಚೀಲಗಳಿವೆ; ಹೇರಿಗೆ ತಕ್ಕಂತೆ ದೀಪವನ್ನು ತಗ್ಗಿಸುವ ಗುಂಡಿಯೂ ಇದೆ. ಆದರೂ ಮೊಮ್ಮಕ್ಕಳೊಡನೆ ಹೊರಡುವ ಮುನ್ನ ನಾನೊಮ್ಮೆ ಕಾರಿನ ಹಿಂದೆ ಹೋಗಿ ನಿಂತು ನೋಡುತ್ತೇನೆ. ಮಗ ನಗುತ್ತಾನೆ, ನಗಲಿ. ಕೊರಳಿಲ್ಲದ ಎತ್ತಿನ ಪರವಾಗಿ ಮನೆಯಲ್ಲಿ ಒಬ್ಬರಾದರೂ ಮಾತಾಡಬೇಕಲ್ಲವೇ?